ಗಾಜಿಗೆ ಹತ್ತಿದ ತುಕ್ಕು: ತೀರ್ಥಹಳ್ಳಿ ಹತ್ತಿರದ ಒಂದು ಹವಳದ ಟ್ಯಾಂಕ್‌ಗೆ ಬಂದ ಚಪ್ಪಟೆ ಹುಳು

ಆರಿದ್ರಾ ಮಳೆ ಹಿಡಿದಿತ್ತು. ರಾತ್ರಿ ಊಟ ಮುಗಿಸಿ ಕೂತಿದ್ದಾಗ ಭಾವನ ಫೋನ್ ಬಂತು.

"ಟ್ಯಾಂಕಿನ ಗಾಜಿಗೆಲ್ಲ ತುಕ್ಕು ಹತ್ತಿದ ಹಾಗೆ ಕಾಣ್ತದೆ ಮಾರಾಯ. ಒರೆಸಿದ್ರೆ ಹೋಗ್ತದೆ, ಸಂಜೆಗೆ ಮತ್ತೆ ಅಲ್ಲೇ ಇರ್ತದೆ. ಪುಟ್ಟಿ ಹೇಳ್ತಾಳೆ, ಅದು ನಡೀತದಂತೆ."

ಭಾವ ಅಂದರೆ ನನ್ನ ಅಕ್ಕನ ಗಂಡ, ಪುಟ್ಟಿ ಅವರ ಮಗಳು. ತೀರ್ಥಹಳ್ಳಿಯಿಂದ ಆರು ಕಿಲೋಮೀಟರ್ ಒಳಗೆ ಅಡಿಕೆ ತೋಟದ ಮನೆ. ಶಿವಮೊಗ್ಗದಲ್ಲಿ ನಮ್ಮ ಮನೆಯ ಸಮುದ್ರದ ನೀರಿನ ಟ್ಯಾಂಕ್ ನೋಡಿ ಆಸೆಯಾಗಿ, ಹಿಂದಿನ ವರ್ಷ ಜಗುಲಿಯ ಒಳಗೋಡೆಗೆ ಒಂದು ಇಟ್ಟುಕೊಂಡಿದ್ದರು. 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಕಲ್ಲು, ಮರಳು ಕಳೆದರೆ ಸುಮಾರು 160 ಲೀಟರ್ ನೀರು. ಒಂದು ಜೊತೆ ಕ್ಲೌನ್ ಮೀನು, ಮರಳಲ್ಲಿ ಬಿಲ ಮಾಡಿಕೊಂಡಿದ್ದ ಒಂದು ಹಳದಿ ಗೋಬಿ ಮೀನು, ಒಂದು ಕ್ಲೀನರ್ ಸಿಗಡಿ. ಹವಳಗಳಲ್ಲಿ ಮಶ್ರೂಮ್, ಝೋವಾಂತಿಡ್, ಒಂದು ಲೆದರ್. ಎಲ್ಲ ಮೆತ್ತನೆ ಜಾತಿಯವು.

ಗಟ್ಟಿ ಹವಳ ಯಾಕಿಲ್ಲ ಅಂತ ಕೇಳುವವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಸುಣ್ಣದ ಗೂಡು ಕಟ್ಟುವ ಕಲ್ಲು ಹವಳಗಳೆಲ್ಲ 2001ರಿಂದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಹುಲಿ, ಆನೆಗೆ ಇರುವಷ್ಟೇ ರಕ್ಷಣೆ. ನಮ್ಮದೇ ಮುರುಡೇಶ್ವರದ ಎದುರಿನ ನೇತ್ರಾಣಿಯಲ್ಲಿ ಅವು ನೀರೊಳಗೆ ಬದುಕಿವೆ. ಅಲ್ಲೇ ಇರಲಿ. ಮನೆಗೆ ಮೆತ್ತನೆ ಹವಳ ಸಾಕು ಅಂತ ನಾನೂ ಭಾವನೂ ಮೊದಲೇ ಮಾತಾಡಿಕೊಂಡಿದ್ದೆವು. ಈ ವಿಷಯ ಮುಂದೆ ಹುಳ ಗುರುತಿಸುವಾಗ ಕೆಲಸಕ್ಕೆ ಬಂತು.

ಆ ರಾತ್ರಿ ನಾನು ಒಂದು ತಪ್ಪು ಮಾಡಿದೆ. ತುಕ್ಕು ಬಣ್ಣ, ನಡೆಯುತ್ತದೆ ಅಂದ ಕೂಡಲೇ ಚಪ್ಪಟೆ ಹುಳು ಅಂತ ಗೊತ್ತಾಯಿತು. "ಅದಕ್ಕೆ ಅಂತಲೇ ಔಷಧಿ ಸಿಗ್ತದೆ ಭಾವ, ತರಿಸಿ ಹಾಕಿ" ಅಂದುಬಿಟ್ಟೆ. ಎಷ್ಟು ಹುಳ ಇದೆ ಅಂತ ಕೇಳಲಿಲ್ಲ. ಒಂದು ಫೋಟೋ ಕಳಿಸಿ ಅಂತಲೂ ಹೇಳಲಿಲ್ಲ. ಆ ಎರಡು ಪ್ರಶ್ನೆ ಕೇಳಿದ್ದರೆ ಮುಂದಿನದು ಆಗುತ್ತಿರಲಿಲ್ಲ.

ಬಾಟಲಿ ನಾಲ್ಕು ದಿನಕ್ಕೆ ಬಂತು. ಭಾವ ಅದರ ಮೇಲೆ ಬರೆದಷ್ಟೇ ಅಳತೆ ಮಾಡಿ, ಸಂಜೆ ಏಳಕ್ಕೆ ಹಾಕಿದರು. ಹದಿನೈದು ನಿಮಿಷಕ್ಕೆ ಹುಳಗಳು ಗಾಜು ಬಿಟ್ಟು ಉದುರತೊಡಗಿದವು. ಅಕ್ಕ ಫೋನಲ್ಲಿ "ಔಷಧಿ ಹಿಡೀತು ಕಣೋ" ಅಂತ ಖುಷಿಯಾಗಿ ಹೇಳಿದಳು. ಎಂಟಕ್ಕೆ ಕರೆಂಟ್ ಹೋಯಿತು. ಮಳೆಗಾಲದ ಮಲೆನಾಡು, ಎಲ್ಲೋ ಮರ ಬಿದ್ದಿರುತ್ತದೆ. ಇನ್ವರ್ಟರ್ ಇದ್ದದ್ದು ದೀಪಕ್ಕೆ, ಫ್ಯಾನಿಗೆ. ಟ್ಯಾಂಕಿನ ಪಂಪ್ ಅದಕ್ಕೆ ಸೇರಿರಲಿಲ್ಲ. ಒಂಬತ್ತಕ್ಕೆ ಟಾರ್ಚ್ ಬಿಟ್ಟು ನೋಡಿದರೆ ನೀರು ತೆಳ್ಳಗಿನ ಅಡಿಕೆ ಚೊಗರಿನ ಬಣ್ಣಕ್ಕೆ ತಿರುಗಿತ್ತು. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಮನೆಯಲ್ಲಿ ಕಲಸಿಟ್ಟ ಉಪ್ಪುನೀರು ಇದ್ದದ್ದು 20 ಲೀಟರ್. ನೀರಿನ ವಿಷ ಹೀರಿಕೊಳ್ಳುವ ಆಕ್ಟಿವೇಟೆಡ್ ಕಾರ್ಬನ್ ಇರಲಿಲ್ಲ. ಇದ್ದ ನೀರನ್ನೇ ಬದಲಿಸಿದರು. ಪುಟ್ಟಿ ಚೊಂಬಿನಲ್ಲಿ ನೀರು ಎತ್ತಿ ಎತ್ತಿ ಮೇಲಿನಿಂದ ಸುರಿಯುತ್ತ, ಗಾಳಿ ಸೇರಲಿ ಅಂತ ಹನ್ನೊಂದರವರೆಗೂ ಕೂತಿದ್ದಳಂತೆ.

ಬೆಳಿಗ್ಗೆ ಸಿಗಡಿ, ಗೋಬಿ ಎರಡೂ ಸತ್ತಿದ್ದವು. ಕ್ಲೌನ್ ಮೀನು ಬದುಕಿದ್ದವು. ಹುಳಗಳೂ ಸಾಕಷ್ಟು ಬದುಕಿದ್ದವು.

ನಾನು ರಜೆ ಹಾಕಿ ಹೊರಟೆ. ಗಾಜನೂರು ದಾಟುವಾಗ ತುಂಗೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಮಂಡಗದ್ದೆವರೆಗೆ ವೈಪರ್ ನಿಲ್ಲಿಸುವ ಹಾಗಿರಲಿಲ್ಲ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಇದ್ದದ್ದು ಒಂದೇ. ಔಷಧಿ ಸರಿಯಿತ್ತು, ಅಳತೆಯೂ ಸರಿಯಿತ್ತು. ಹಾಗಾದರೆ ಗೋಬಿ ಯಾಕೆ ಸತ್ತಿತು?

ಉತ್ತರ ಹುಳದ ಮೈಯಲ್ಲೇ ಇದೆ. ಈ ಜಾತಿಯ ಹುಳ ಸತ್ತು ಒಡೆದಾಗ ಒಳಗಿನ ರಸ ನೀರಿಗೆ ಬರುತ್ತದೆ. ಅದು ಮೀನಿಗೂ ಸಿಗಡಿಗೂ ವಿಷ. ಹತ್ತು ಹುಳ ಸತ್ತರೆ ಏನೂ ಗೊತ್ತಾಗುವುದಿಲ್ಲ. ಸಾವಿರಗಟ್ಟಲೆ ಒಂದೇ ಗಂಟೆಯಲ್ಲಿ ಸತ್ತರೆ ಅಷ್ಟೂ ವಿಷ ಒಟ್ಟಿಗೆ ಬರುತ್ತದೆ. ಸತ್ತ ಹುಳ ಕೊಳೆಯುತ್ತ ನೀರಿನ ಆಮ್ಲಜನಕವನ್ನೂ ಎಳೆಯುತ್ತದೆ. ಅದರ ಮೇಲೆ ಪಂಪ್ ನಿಂತಿತ್ತು.

ಮನೆ ತಲುಪಿ ಮೊದಲು ಮಾಡಿದ ಕೆಲಸ ಹುಳ ನೋಡಿದ್ದು. ಒಂದು ಬಿಳಿ ತಟ್ಟೆಯಲ್ಲಿ ಟ್ಯಾಂಕಿನದೇ ನೀರು ಹಾಕಿ, ಗಾಜಿನಿಂದ ಏಳೆಂಟು ಹುಳ ಎಳೆದು ಬಿಟ್ಟೆವು. ಭಾವನ ತಂದೆಯವರು ಪಂಚಾಂಗ ಓದಲು ಇಟ್ಟುಕೊಂಡಿದ್ದ ಭೂತಗನ್ನಡಿ ಸಿಕ್ಕಿತು. ಒಂದೊಂದು ಹುಳ ನಾಲ್ಕೈದು ಮಿಲಿಮೀಟರ್. ಕಾಗದದಷ್ಟು ತೆಳು. ಬಣ್ಣ ಕೆಂಪು ಮಿಶ್ರಿತ ಕಂದು, ಹಳೇ ಕತ್ತಿಗೆ ಹತ್ತಿದ ತುಕ್ಕಿನ ಹಾಗೆ. ಮುಂದೆ ಅಗಲ, ಹಿಂದೆ ಮೂರು ಚಿಕ್ಕ ಬಾಲ. ಜಾರಿದ ಹಾಗೆ ನಡೆಯುತ್ತವೆ, ಕಾಲಿಲ್ಲ. ಪುಟ್ಟಿ ಕನ್ನಡಿ ಇಸಿದುಕೊಂಡು ಬಹಳ ಹೊತ್ತು ನೋಡಿ, "ಮಾವ, ಇದರ ಹಿಂದೆ ಇನ್ನೊಂದು ಪುಟ್ಟದು ತಿರುಗಿಕೊಂಡು ಅಂಟಿದೆ" ಅಂದಳು. ಅವಳು ಹೇಳಿದ್ದು ಸರಿ. ತಾಯಿಯ ಹಿಂತುದಿಯಲ್ಲಿ ಮರಿ ಮೊಗ್ಗಿನ ಹಾಗೆ ಹುಟ್ಟುತ್ತದೆ. ಅದರ ತಲೆ ತಾಯಿಗೆ ವಿರುದ್ಧ ದಿಕ್ಕಿಗೆ ಇರುತ್ತದೆ. ಬಲಿತ ಮೇಲೆ ಕಳಚಿಕೊಂಡು ಹೋಗುತ್ತದೆ. ಆ ಮೊಗ್ಗು ನೋಡಿದ ಮೇಲೆ ನನಗೆ ಅನುಮಾನ ಉಳಿಯಲಿಲ್ಲ. ಕನ್ವೊಲ್ಯೂಟ್ರಿಲೋಬ ರೆಟ್ರೋಜೆಮ್ಮ. ಟ್ಯಾಂಕ್ ಇಡುವವರು ಕೆಂಪು ಪ್ಲನೇರಿಯ ಅನ್ನುವುದು ಇದನ್ನೇ.

ಭಾವನಿಗೆ ನಿಜವಾದ ಭಯ ಬೇರೆ ಇತ್ತು. ಹವಳ ತಿನ್ನುವ ಚಪ್ಪಟೆ ಹುಳದ ಬಗ್ಗೆ ಅವರು ಎಲ್ಲೋ ಓದಿದ್ದರು. ಮಶ್ರೂಮ್‌ಗಳು ಮುದುಡಿದ್ದನ್ನು ನೋಡಿ, "ತಿಂತಾ ಇದೆ ಅಲ್ದಾ?" ಅಂತ ಮತ್ತೆ ಮತ್ತೆ ಕೇಳಿದರು. ಅವರ ಟ್ಯಾಂಕಿಗೆ ಅದು ಬಂದಿರಲಿಲ್ಲ. ಆದರೂ ಆ ಹುಳದ ವಿಷಯ ಗೊತ್ತಿದ್ದರೆ ಇದು ಅದಲ್ಲ ಅಂತ ಖಚಿತವಾಗಿ ಹೇಳಬಹುದು.

ಹವಳ ತಿನ್ನುವುದರಲ್ಲಿ ಹೆಸರಾದ ಹುಳು ಪ್ರಾಸ್ಥಿಯೋಸ್ಟೋಮಮ್ ಅಕ್ರೋಪೋರೆ. ವಿಜ್ಞಾನಿಗಳು ಅದನ್ನು ಮೊದಲು ವಿವರಿಸಿದ್ದು 2011ರಲ್ಲಿ, ಅಮಾಕುಸಪ್ಲಾನ ಅನ್ನುವ ಬೇರೆ ಹೆಸರಲ್ಲಿ. ಅದಕ್ಕಿಂತ ಎಷ್ಟೋ ಮೊದಲೇ ಹವಳ ಸಾಕುವವರಿಗೆ ಅದರ ಕಾಟ ಗೊತ್ತಿತ್ತು. ಅದರ ಊಟ ಅಕ್ರೋಪೋರ ಜಾತಿಯ ಕೊಂಬೆ ಹವಳ ಮಾತ್ರ, ಅದು ಗಟ್ಟಿ ಹವಳ. ತಿಂದ ಹವಳದ ಬಣ್ಣವೇ ಅದರ ಮೈಗೂ ಬರುತ್ತದೆ, ಹಾಗಾಗಿ ಎದುರಿಗಿದ್ದರೂ ಕಾಣುವುದಿಲ್ಲ. ಹವಳದ ಮೇಲೆ ಗುಂಡಗಿನ ಸಣ್ಣ ಬಿಳಿ ಕಚ್ಚಿದ ಗುರುತುಗಳು ಕಾಣುತ್ತವೆ, ಬುಡದಲ್ಲಿ ಕಂದು ಮೊಟ್ಟೆಯ ಗುಂಪು ಸಿಗುತ್ತದೆ. ನೀರು 27 ಡಿಗ್ರಿ ಇದ್ದರೆ ಮೊಟ್ಟೆ ಒಡೆಯಲು ಸರಾಸರಿ 11 ದಿನ. ಒಂದು ತಲೆಮಾರಿಗೆ ಕಡಿಮೆ ಅಂದರೂ 38 ದಿನ ಬೇಕು. 24 ಡಿಗ್ರಿಗೆ ಇಳಿಸಿದರೆ ಅದೇ 64 ದಿನ ಆಗುತ್ತದೆ. ಮೊಟ್ಟೆಯಿಂದ ಬಂದ ಮರಿ ಅಕ್ರೋಪೋರ ಸಿಗದೇ ಹೋದರೆ ಹೆಚ್ಚೆಂದರೆ 9 ದಿನ ಬದುಕುತ್ತದೆ. ಆ ಹುಳಕ್ಕೆ ಟ್ಯಾಂಕಿಗೆಲ್ಲ ಔಷಧಿ ಸುರಿದು ಕೂತರೆ ಆಗುವುದಿಲ್ಲ. ಹವಳವನ್ನೇ ಹೊರಗೆ ತೆಗೆದು ಔಷಧಿ ನೀರಿನಲ್ಲಿ ಅದ್ದಿ ಅಲ್ಲಾಡಿಸಬೇಕು. ಅದ್ದಿದರೂ ಮೊಟ್ಟೆ ಸಾಯುವುದಿಲ್ಲ, ಅದನ್ನು ಕೈಯಿಂದ ಕೆರೆದು ತೆಗೆಯಬೇಕು. ತಪ್ಪಿಸಿಕೊಂಡ ಮೊಟ್ಟೆ ಒಡೆದು, ಮರಿ ಬಲಿತು ಮತ್ತೆ ಮೊಟ್ಟೆ ಇಡುವ ಮೊದಲು ಇನ್ನೊಮ್ಮೆ, ಮತ್ತೊಮ್ಮೆ ಅದ್ದಬೇಕು. ಮೇಲಿನ ದಿನಗಳ ಲೆಕ್ಕ ಬೇಕಾಗುವುದು ಅಲ್ಲಿ.

ಭಾವನ ಟ್ಯಾಂಕಿನಲ್ಲಿ ಅಕ್ರೋಪೋರದ ಒಂದು ತುಂಡೂ ಇರಲಿಲ್ಲ. ಹುಳ ಇದ್ದದ್ದು ಗಾಜಿನ ಮೇಲೆ, ಕಲ್ಲಿನ ಮೇಲೆ, ಹೀಟರ್ ವೈರಿನ ಮೇಲೆ. ಎಲ್ಲಿ ಬೆಳಕು ಬೀಳುತ್ತದೋ, ಎಲ್ಲಿ ನೀರಿನ ಎಳೆತ ಕಡಿಮೆಯೋ ಅಲ್ಲೆಲ್ಲ. ಕೆಂಪು ಪ್ಲನೇರಿಯದ ಮೈಯೊಳಗೆ ಪಾಚಿ ಇರುತ್ತದೆ. ಬೆಳಕಿನಲ್ಲಿ ಆ ಪಾಚಿ ಅಡುಗೆ ಮಾಡಿ ಹುಳಕ್ಕೂ ಕೊಡುತ್ತದೆ. ಜೊತೆಗೆ ನೀರಿನಲ್ಲಿರುವ ಕೋಪೆಪಾಡ್‌ನಂಥ ಸಣ್ಣ ಜೀವಿಗಳನ್ನು ಹಿಡಿದು ತಿನ್ನುತ್ತದೆ. ಹವಳವನ್ನು ಅದು ತಿನ್ನುವುದಿಲ್ಲ. ಬಿಸಿಲು ಕಾಯಲು ಅಂತ ಅದರ ಮೇಲೆ ಕೂರುತ್ತದೆ. ಒಂದು ಮಶ್ರೂಮ್ ಮೇಲೆ ನೂರು ಹುಳ ಚಾಪೆ ಹಾಸಿದ ಹಾಗೆ ಕೂತರೆ ಕೆಳಗಿರುವ ಹವಳಕ್ಕೆ ಬೆಳಕು ಸಿಗುವುದಿಲ್ಲ, ಅದು ಮುದುಡುತ್ತದೆ. ಭಾವ ನೋಡಿದ್ದು ಅದನ್ನೇ. ಇದು ಕೇಳಿ ಅವರ ಮುಖ ಸ್ವಲ್ಪ ಸಡಿಲವಾಯಿತು. ತಿಂದು ಹೋದದ್ದು ವಾಪಸ್ ಬರುವುದಿಲ್ಲ, ಮುದುಡಿದ್ದು ಅರಳಬಹುದು ಅಲ್ವಾ?

ಇನ್ನೊಂದು ವಿಷಯ ಹೇಳಬೇಕು. ಮಳೆಗಾಲದಲ್ಲಿ ತೋಟದ ಕೊಳೆತ ಸೋಗೆ ಎತ್ತಿದರೆ ಸುತ್ತಿಗೆ ತಲೆಯ ಉದ್ದ ಹುಳು ಸಿಗುತ್ತದಲ್ಲ, ಅದು ನಿಜವಾದ ಚಪ್ಪಟೆ ಹುಳುಗಳ ಬಳಗದ್ದು. ಅಕ್ರೋಪೋರ ತಿನ್ನುವುದೂ ಆ ಬಳಗವೇ. ಕೆಂಪು ಪ್ಲನೇರಿಯವನ್ನು ಈಗ ವಿಜ್ಞಾನಿಗಳು ಅದರಿಂದ ಬೇರೆ ಇಟ್ಟಿದ್ದಾರೆ, ಏಸೀಲ್ ಅನ್ನುವ ಗುಂಪಿನಲ್ಲಿ. ಹೆಸರಿಗೆ ಮಾತ್ರ ಚಪ್ಪಟೆ ಹುಳು.

ಮಧ್ಯಾಹ್ನ ಊಟಕ್ಕೆ ಕೂತಾಗ ಮುಂದೇನು ಅಂತ ಮಾತಾಯಿತು. ಪುಟ್ಟಿ, "ಉಂಬಳಕ್ಕೆ ಹಾಕಿದ ಹಾಗೆ ಉಪ್ಪು ಹಾಕಿದ್ರೆ ಸಾಯಲ್ವಾ ಮಾವ?" ಅಂದಳು. ಒಳ್ಳೆ ಪ್ರಶ್ನೆ. ಇದು ಉಪ್ಪಿನಲ್ಲೇ ಹುಟ್ಟಿದ ಹುಳ, ಇದಕ್ಕೆ ಸಿಹಿನೀರೇ ವಿಷ ಅಂದೆ. ಬಟ್ಟಲಲ್ಲಿ ಬಾವಿ ನೀರು ತಂದು ಒಂದು ಹುಳ ಬಿಟ್ಟು ತೋರಿಸಿದೆ. ಕ್ಷಣದಲ್ಲಿ ಉಬ್ಬಿ ಒಡೆಯಿತು. ಈ ಒಂದು ಗುಣ ನಮಗೆ ಬಹಳ ಉಪಯೋಗಕ್ಕೆ ಬಂತು. ಪಂಪ್, ಹೀಟರ್, ಬಲೆ ಎಲ್ಲವನ್ನೂ ಹೊರಗೆ ತೆಗೆದು ಬಾವಿ ನೀರಿನ ಬಕೆಟ್‌ನಲ್ಲಿ ಹತ್ತು ನಿಮಿಷ ಮುಳುಗಿಸಿಟ್ಟರೆ ಅವುಗಳಿಗೆ ಅಂಟಿದ ಹುಳ ಮುಗಿದ ಹಾಗೆ.

ಭಾವ ಕೇಳಿದ್ದು, ಕೊಟ್ಟಿಗೆಯಲ್ಲಿ ದನಕ್ಕೆ ಕುಡಿಸುವ ಜಂತುಹುಳದ ಔಷಧಿ ಇದೆ, ಹಾಕಬಹುದಾ ಅಂತ. ಅದರಲ್ಲಿ ಲೆವಮಿಸೋಲ್ ಇರುತ್ತದೆ, ಟ್ಯಾಂಕ್ ಇಡುವ ಕೆಲವರು ಲೆವಮಿಸೋಲ್ ಬಳಸುವುದೂ ಹೌದು. ಆದರೆ ದನದ ಬಾಟಲಿಯಲ್ಲಿ ಸಾಮಾನ್ಯವಾಗಿ ಆಕ್ಸಿಕ್ಲೋಜನೈಡ್ ಅನ್ನುವ ಇನ್ನೊಂದು ಹುಳದ ಔಷಧಿಯನ್ನೂ ಬೆರೆಸಿರುತ್ತಾರೆ. ಬೇಡವೇ ಬೇಡ ಅಂದೆ. ಹುಳ ತಿನ್ನುವ ಮೀನು ತರಿಸುವ ಮಾತೂ ಬಂತು. ಸಿಕ್ಸ್‌ಲೈನ್ ರಾಸ್ ಚಪ್ಪಟೆ ಹುಳ ತಿನ್ನುವುದುಂಟು, ಆದರೆ ಎಲ್ಲ ಮೀನೂ ತಿನ್ನುತ್ತದೆ ಅನ್ನುವ ಖಾತ್ರಿ ಇಲ್ಲ. 3 ಅಡಿ ಟ್ಯಾಂಕಿನಲ್ಲಿ ಅದು ಉಳಿದ ಮೀನನ್ನು ಅಟ್ಟಾಡಿಸುತ್ತದೆ. ಈ ಹುಳವನ್ನೇ ತಿಂದು ಬದುಕುವ ಕಡುನೀಲಿ ಗೆರೆಯ ಒಂದು ಚಂದದ ಸಮುದ್ರ ಸ್ಲಗ್ (ಬಸವನಹುಳದ ಬಳಗದ್ದು) ಇದೆ, ಕೆಲಿಡೊನ್ಯೂರ ವೇರಿಯನ್ಸ್. ಹುಳ ಮುಗಿದ ದಿನದಿಂದ ಅದಕ್ಕೆ ಉಪವಾಸ. ನಮ್ಮ ಕೆಲಸ ಮುಗಿಸಿಕೊಂಡು ಅದನ್ನು ಸಾಯಲು ಬಿಡುವುದು ನನಗೆ ಸರಿ ಅನಿಸಲಿಲ್ಲ.

ಕೊನೆಗೆ ಉಳಿದದ್ದು ಕೈ ಕೆಲಸ. ಹುಳದ ಸಂಖ್ಯೆ ಇಳಿಸಬೇಕು, ಆಮೇಲೆ ಔಷಧಿ.

ಗಾಳಿ ಪಂಪಿನ ತೆಳ್ಳನೆ ಪೈಪ್‌ಗೆ ಒಂದು ಗಟ್ಟಿ ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿದೆವು. ಬಕೆಟ್ ಬಾಯಿಗೆ ಹಳೇ ಪಂಚೆ ತುಂಡನ್ನು ನಾಲ್ಕು ಮಡಿಕೆ ಮಾಡಿ ಕಟ್ಟಿದೆವು. ಪೈಪಿನಿಂದ ನೀರು ಎಳೆದರೆ ಹುಳ ಬಟ್ಟೆ ಮೇಲೆ ನಿಲ್ಲುತ್ತದೆ, ನೀರು ಕೆಳಗೆ ಇಳಿಯುತ್ತದೆ. ಆ ನೀರನ್ನೇ ವಾಪಸ್ ಟ್ಯಾಂಕಿಗೆ ಹಾಕಬಹುದು. ಇಲ್ಲದಿದ್ದರೆ ದಿನಾ ಅಷ್ಟು ಉಪ್ಪುನೀರು ಎಲ್ಲಿಂದ ತರುವುದು? ದೀಪ ಹತ್ತಿ ಎರಡು ಮೂರು ಗಂಟೆ ಆದ ಮೇಲೆ ಹುಳಗಳು ಬೆಳಕಿಗೆ ಬಂದು ಸಾಲಾಗಿ ಕೂತಿರುತ್ತವೆ. ಆಗಲೇ ಎಳೆಯಬೇಕು. ಕೊಳವೆಯ ತುದಿಯನ್ನು ಹುಳದ ಮೇಲೆ ಒತ್ತಬಾರದು, ಜಜ್ಜಿದರೆ ರಸ ನೀರಿಗೇ ಬರುತ್ತದೆ. ಅರ್ಧ ಬೆರಳು ದೂರ ಹಿಡಿದರೆ ತಾನೇ ಕಳಚಿಕೊಂಡು ಬರುತ್ತದೆ. ಮಶ್ರೂಮ್ ಮೇಲಿನದನ್ನು ಸೂಜಿ ತೆಗೆದ ಸಿರಿಂಜಿನಿಂದ ಮೆಲ್ಲಗೆ ನೀರು ಊದಿ ಎಬ್ಬಿಸಿ, ತೇಲುವಾಗ ಹಿಡಿದೆವು.

ಮೊದಲ ದಿನ ಬಟ್ಟೆ ಮೇಲೆ ಕೂಡಿದ್ದು ಎರಡು ಟೀ ಚಮಚದಷ್ಟು ಹುಳ. ಬೆಲ್ಲದ ಪಾಕ ತಳ ಹಿಡಿದ ಹಾಗೆ ಅಂಟು ಅಂಟು. ಒಂದು ದೊಡ್ಡ ರಾತ್ರಿಯ ಸಾವು ಕಳೆದ ಮೇಲೂ ಇಷ್ಟು ಉಳಿದಿದ್ದವು ಅಂದರೆ ಮೊದಲು ಎಷ್ಟಿತ್ತು ಅಂತ ಯೋಚಿಸಿ. ನಾನು ಸಂಜೆ ಶಿವಮೊಗ್ಗಕ್ಕೆ ವಾಪಸ್ ಬಂದೆ. ಮುಂದಿನ ಹನ್ನೆರಡು ದಿನ ಈ ಕೆಲಸ ಮಾಡಿದ್ದು ಪುಟ್ಟಿ, ಶಾಲೆ ಬಿಟ್ಟು ಬಂದ ಮೇಲೆ, ಒಂದು ದಿನವೂ ಬಿಡದೆ. ಬಿಡುವ ಹಾಗೂ ಇರಲಿಲ್ಲ. ಇದಕ್ಕೆ ಜೋಡಿ ಬೇಡ, ಬಹುಪಾಲು ಮೊಗ್ಗೊಡೆದೇ ಹೆಚ್ಚುತ್ತದೆ. ಎರಡು ದಿನ ಸುಮ್ನೆ ಬಿಟ್ಟರೆ ಎಳೆದದ್ದೆಲ್ಲ ವ್ಯರ್ಥ. ಅವಳು ಗಾಜಿನ ಹೊರಗೆ ಸ್ಕೆಚ್ ಪೆನ್ನಿಂದ ಒಂದು ಚೌಕ ಬರೆದುಕೊಂಡು, ಅದರೊಳಗೆ ಕಂಡ ಹುಳ ಎಣಿಸಿ ದಿನಾ ನೋಟ್‌ಬುಕ್‌ನಲ್ಲಿ ಬರೆದಳು. ಮೊದಲ ದಿನ 41. ಐದನೇ ದಿನ 18. ಎಂಟನೇ ದಿನ ಮತ್ತೆ 22, ಆವತ್ತು ಅಳುವ ದನಿಯಲ್ಲಿ ಫೋನ್ ಮಾಡಿದ್ದಳು. ಹನ್ನೆರಡನೇ ದಿನ 3.

ಜೊತೆಗೆ ಊಟ ಕಡಿಮೆ ಮಾಡಿಸಿದೆ. ಭಾವ ದಿನಕ್ಕೆ ಮೂರು ಸಲ ಮೀನಿಗೆ ಹಾಕುತ್ತಿದ್ದರು. ಮನೆಗೆ ಬಂದವರಿಗೆ ತೋರಿಸಲು ಅಂತ ಇನ್ನೂ ಒಂದು ಚಿಟಿಕೆ. ಪ್ರೀತಿಯಿಂದ ಮಾಡಿದ್ದೇ, ಆದರೆ ಕೊಳೆತ ಊಟದಿಂದ ನೀರಲ್ಲಿ ಕೂಡುವ ನೈಟ್ರೇಟ್ 30 ಪಿಪಿಎಂ ಮುಟ್ಟಿತ್ತು. ಉಳಿದ ಊಟಕ್ಕೆ ಸಣ್ಣ ಜೀವಿಗಳು ಹೆಚ್ಚಿದ್ದವು, ಅವನ್ನು ತಿಂದು ಹುಳ ಹೆಚ್ಚಿತ್ತು. ದಿನಕ್ಕೆ ಒಂದೇ ಸಲ, ಎರಡು ನಿಮಿಷದಲ್ಲಿ ಖಾಲಿ ಆಗುವಷ್ಟು ಮಾತ್ರ ಅಂತ ಮಾತಾಯಿತು.

ಎರಡನೇ ಸಲ ಔಷಧಿ ಹಾಕಿದ್ದು ಒಂದು ಭಾನುವಾರ, ಪುನರ್ವಸು ಮಳೆ ಒಂದಿಷ್ಟು ಹೊಳವು ಕೊಟ್ಟ ದಿನ. ಹೊತ್ತು ಆರಿಸಿದ್ದು ಬೆಳಿಗ್ಗೆ ಹತ್ತು. ಏನಾದರೂ ತಪ್ಪಿದರೆ ಕೈಯಲ್ಲಿ ಇಡೀ ಹಗಲು ಇರಬೇಕು. ಹಿಂದಿನ ದಿನವೇ ಆರ್‌ಓ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಉಪ್ಪು ಕಲಸಿ, 70 ಲೀಟರ್ ಸಿದ್ಧ ಮಾಡಿ, ಹೀಟರ್ ಹಾಕಿ ಟ್ಯಾಂಕಿನಷ್ಟೇ ಬೆಚ್ಚಗೆ ಇಟ್ಟಿದ್ದೆವು. 150 ಗ್ರಾಂ ಕಾರ್ಬನ್ ತೊಳೆದು ಚೀಲಕ್ಕೆ ತುಂಬಿತ್ತು. ಪಂಪಿನ ವೈರ್ ಇನ್ವರ್ಟರ್‌ಗೆ ಸೇರಿತ್ತು, ಪಕ್ಕದಲ್ಲಿ ಬ್ಯಾಟರಿಯ ಗಾಳಿ ಪಂಪ್. ಬೆಳಿಗ್ಗೆ ಎಂಟರಿಂದ ಒಂದು ಗಂಟೆ ಕೊನೆಯ ಸಲ ಹುಳ ಎಳೆದೆವು.

ಔಷಧಿ ಹಾಕಿದ ಮೇಲೆ ನಾನು ನೋಡಿದ್ದು ಹುಳವನ್ನಲ್ಲ, ಕ್ಲೌನ್ ಮೀನಿನ ಕಿವಿರನ್ನು. ಅದರ ಉಸಿರು ಏರಿದರೆ ಆ ಕ್ಷಣವೇ ಕಾರ್ಬನ್ ಇಳಿಸುವುದು ಅಂತ ಮೊದಲೇ ಮಾತಾಗಿತ್ತು. ಏರಲಿಲ್ಲ. ಇಪ್ಪತ್ತು ನಿಮಿಷಕ್ಕೆ ಕಲ್ಲಿನ ಸಂದಿಗಳಿಂದ ಹುಳ ತೇಲಿ ಬರತೊಡಗಿತು. ನಾನು ಎಳೆಯುತ್ತ ಹೋದೆ, ಪುಟ್ಟಿ ಬಟ್ಟೆ ಬದಲಿಸುತ್ತ ಹೋದಳು. ಈ ಸಲದ ನೀರು ಬಕೆಟ್‌ನಿಂದ ವಾಪಸ್ ಹೋಗಲಿಲ್ಲ, ನೇರ ಹೊರಗೆ. ಮುಕ್ಕಾಲು ಗಂಟೆಗೆ ಕಾರ್ಬನ್ ಹಾಕಿ, 65 ಲೀಟರ್ ನೀರು ಬದಲಿಸಿದೆವು. ನೀರು ಬಣ್ಣ ತಿರುಗಲೇ ಇಲ್ಲ. ಅಕ್ಕ ಮಧ್ಯಾಹ್ನಕ್ಕೆ ಕಳಲೆ ಪಲ್ಯ ಮಾಡಿದ್ದಳು. ಯಾರಿಗೂ ಕೂತು ಉಣ್ಣುವಷ್ಟು ಸಮಾಧಾನ ಇರಲಿಲ್ಲ, ತಟ್ಟೆ ಹಿಡಿದುಕೊಂಡು ಟ್ಯಾಂಕಿನ ಮುಂದೆಯೇ ನಿಂತಿದ್ದೆವು.

ಒಂದೂ ಜೀವ ಹೋಗಲಿಲ್ಲ. ಒಂದು ವಾರ ಬಿಟ್ಟು ಭಾವನೇ ಇನ್ನೊಮ್ಮೆ ಅದೇ ಕ್ರಮದಲ್ಲಿ ಔಷಧಿ ಹಾಕಿದರು. ಆ ಸಲ ಬಟ್ಟೆ ಮೇಲೆ ಸಿಕ್ಕಿದ್ದು ಒಂಬತ್ತು ಹುಳ. ಮಶ್ರೂಮ್‌ಗಳು ಅಷ್ಟರಲ್ಲಿ ಅರಳಿದ್ದವು. ಹಿಂದಿನ ಮೂಲೆಯ ಒಂದು ಮಾತ್ರ ಕರಗಿ ಹೋಯಿತು. ಝೋವಾಂತಿಡ್‌ಗಳು ಪೂರ್ತಿ ತೆರೆದುಕೊಳ್ಳಲು ಶ್ರಾವಣ ಬರಬೇಕಾಯಿತು.

ಹುಳ ಬಂದದ್ದು ಎಲ್ಲಿಂದ? ಏಪ್ರಿಲ್‌ನಲ್ಲಿ ಬೆಂಗಳೂರಿನಿಂದ ರಾತ್ರಿ ಬಸ್ಸಿನ ಪಾರ್ಸೆಲ್‌ನಲ್ಲಿ ಮೂರು ಮಶ್ರೂಮ್ ಇದ್ದ ಒಂದು ಕಲ್ಲು ಬಂದಿತ್ತು. ಚೀಲ ತೇಲಿಬಿಟ್ಟು, ಅರ್ಧ ಗಂಟೆಗೆ ನೇರ ಟ್ಯಾಂಕಿಗೆ ಇಳಿಸಿದ್ದರು. ಮೇ ಕೊನೆಗೆ ಗಾಜಿನ ಮೇಲೆ ನಾಲ್ಕೈದು ಚುಕ್ಕೆ ಇತ್ತು ಅಂತ ಪುಟ್ಟಿಗೆ ನೆನಪಿದೆ. ಆಗಲೇ ಎಳೆದಿದ್ದರೆ ಐದು ನಿಮಿಷದ ಕೆಲಸ. ಅಂಗಡಿಯವರ ಮೇಲೆ ಭಾವನಿಗೆ ಸಿಟ್ಟಿತ್ತು. ನನಗೆ ಹಾಗೆ ಅನಿಸಲಿಲ್ಲ. ಕಲ್ಲಿನ ಸಂದಿಯಲ್ಲಿ ಕೂತ ಒಂದೇ ಒಂದು ಹುಳ ಸಾಕು, ಅದನ್ನು ಯಾವ ಅಂಗಡಿಯವರು ಹುಡುಕಿ ತೆಗೆದಾರು? ಹುಡುಕಬೇಕಾದವರು ನಾವು, ನಮ್ಮ ಟ್ಯಾಂಕಿಗೆ ಇಳಿಸುವ ಮೊದಲು.

ಈಗ ಅವರ ಜಗುಲಿಯ ಮೂಲೆಯಲ್ಲಿ 20 ಲೀಟರಿನ ಒಂದು ಬಿಳಿ ಪ್ಲಾಸ್ಟಿಕ್ ಡಬ್ಬ ಇದೆ. ಒಂದು ಸಣ್ಣ ಪಂಪ್, ಹೀಟರ್, ಮೇಲೊಂದು ದೀಪ. ಹೊಸದು ಯಾವುದು ಬಂದರೂ ಆರು ವಾರ ಅಲ್ಲೇ. ಬಿಳಿ ತಳ ಯಾಕೆ ಅಂದರೆ ಉದುರಿದ ಹುಳ, ಮೊಟ್ಟೆ ಕಣ್ಣಿಗೆ ಬೀಳಬೇಕು. ದೀಪಾವಳಿಗೆ ನಾವು ಹೋದಾಗ ಅದರಲ್ಲಿ ಝೋವಾಂತಿಡ್ ಇದ್ದ ಹೊಸ ಕಲ್ಲು ಇತ್ತು, ಬಂದು ಮೂರು ವಾರ ಆಗಿತ್ತು. ಪುಟ್ಟಿ ಅಜ್ಜನ ಭೂತಗನ್ನಡಿ ಹಿಡಿದು, ಕಲ್ಲಿನ ಅಡಿಗೆ ಟಾರ್ಚ್ ಬಿಟ್ಟು ನೋಡುತ್ತಿದ್ದಳು. "ಮಾವ, ಬಾ ಇಲ್ಲಿ" ಅಂದಳು. ಬುಡದಲ್ಲಿ, ಹೂವಿನ ಹಾಗೆ ತೆರೆಯುವ ಪಾಲಿಪ್‌ಗಳ ನಡುವೆ, ಸುರುಳಿ ಸುತ್ತಿದ ಸಣ್ಣ ಬಿಳಿ ಮೊಟ್ಟೆಯ ಎಳೆ. ಇದು ಬೇರೆ ಜೀವಿ, ಝೋವಾಂತಿಡ್ ತಿನ್ನುವ ನ್ಯೂಡಿಬ್ರ್ಯಾಂಕ್ ಅನ್ನುವ ಸಮುದ್ರ ಸ್ಲಗ್‌ನದು. ಇದು ನಿಜವಾಗಿಯೂ ಹವಳ ತಿನ್ನುವಂಥದ್ದು. ಚಿಮಟದಿಂದ ಎಳೆ ಕಿತ್ತು ಬಾವಿ ನೀರಿಗೆ ಹಾಕಿದಳು. ಡಬ್ಬದ ಮೇಲೆ ಅಂಟಿಸಿದ್ದ ಚೀಟಿಯಲ್ಲಿ ಹಳೇ ತಾರೀಕು ಹೊಡೆದು, ಆವತ್ತಿನಿಂದ ಮತ್ತೆ ಆರು ವಾರ ಎಣಿಸಿ ಹೊಸ ತಾರೀಕು ಬರೆದಳು.